ಮಾರದೆ ಉಳಿಸಿದ ಗೆಡ್ಡೆ

ಕಡೂರಿನ ಕಡೆ ರಾಗಿ ಬೀಜ ಕಾಪಿಡುವುದು ಅಷ್ಟು ಕಷ್ಟವಲ್ಲ. ದಪ್ಪ ತೆನೆ ಆರಿಸಿ ಚೆನ್ನಾಗಿ ಒಣಗಿಸಿಟ್ಟರೆ, ಒಂದು ವರ್ಷ ಮಳೆ ಕೈಕೊಟ್ಟರೂ ಮುಂದಿನ ವರ್ಷಕ್ಕೆ ಮೊಳೆಯುತ್ತದೆ. ಅಜ್ಜಂಪುರ, ತರೀಕೆರೆಯ ಈರುಳ್ಳಿ ಹಾಗಲ್ಲ. ವರ್ಷ ಕಳೆದರೆ ಬೀಜದ ಕಸುವು ಬೇಗ ಇಳಿಯುತ್ತದೆ. ಒಳ್ಳೆಯ ಗೆಡ್ಡೆ ಉಳಿಸಿ, ಮತ್ತೆ ನೆಟ್ಟು, ಬಿಳಿ ಹೂಗೊಂಚಲು ಒಣಗಿ ಕರಿ ಬೀಜ ಕಾಣುವವರೆಗೂ ಕಾಯಬೇಕು. ಜೇನು ಬರಬೇಕು; ಪಕ್ಕದಲ್ಲಿ ಬೇರೆ ತಳಿ ಹೂ ಬಿಟ್ಟಿದ್ದರೆ ಬೆರಕೆ. ದರ ಏರಿದ ವರ್ಷ ಆ ಗೆಡ್ಡೆಯನ್ನೂ ಮಾರಿಬಿಟ್ಟರೆ ಮನೆಯ ತಳಿ ಅಲ್ಲಿಗೇ ಮುಗಿಯಿತು.

ಬೀಜ ಉಳಿಸುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಕಾಯ್ದೆ ರೈತರಿಗೆ ಕೊಟ್ಟಿದೆ. ಆದರೆ ಸಾಲದ ಕಂತು ಕಟ್ಟಬೇಕಾದ ಮನೆ ಗೆಡ್ಡೆ ಹಿಡಿದಿಟ್ಟುಕೊಳ್ಳುವುದು ಹೇಗೆ? ಬೀಜಕ್ಕೆಂದು ಉಳಿಸುವವರಿಗೆ ಸಹಕಾರ ಸಂಘಗಳು ಆ ದಿನದ ಮಾರುಕಟ್ಟೆ ದರವನ್ನೇ ಮುಂಗಡವಾಗಿ ಕೊಡಲಿ.