ಕೈಪಿಡಿಗೋಡೆಯ ಮೇಲೊಂದು ಅರಳಿ ಗಿಡ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳುವವನು ತಲೆ ತಗ್ಗಿಸಿಕೊಂಡಿರಬೇಕು. ಚೀಲ ಹಿಡಿದು ಆ ಓಣಿಗಳಲ್ಲಿ ಐವತ್ತು ವರ್ಷ ಓಡಾಡಿ ನಾನು ಕಂಡುಕೊಂಡ ವಿವೇಕ ಇದು. ತಲೆ ತಗ್ಗಿಸಿದರೆ ಕಾಣುವುದೆಲ್ಲ ಚೆಂದ: ಮಲ್ಲಿಗೆ, ಕನಕಾಂಬರ, ಗೋಪುರದ ಹಾಗೆ ಪೇರಿಸಿಟ್ಟ ಕುಂಕುಮ, ನೀರು ಚಿಮುಕಿಸಿದ ವೀಳ್ಯದೆಲೆ, ಅದೃಷ್ಟ ಇದ್ದ ದಿನ ನಂಜನಗೂಡು ರಸಬಾಳೆ. ತಲೆ ಎತ್ತಿದಿರೋ, ಕೆಟ್ಟಿರಿ. ಬಿರುಕು ಕಾಣುತ್ತದೆ, ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿಯುವುದು ಕಾಣುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನು ತಲೆ ಎತ್ತಿಬಿಟ್ಟೆ. ಗೋಡೆಯ ತುದಿಯಲ್ಲಿ ಒಂದು ಅರಳಿ ಗಿಡ, ಎಳೆ ಎಲೆಗಳನ್ನು ಅಲ್ಲಾಡಿಸುತ್ತ, ಊರಿನ ಯಜಮಾನನ ಹಾಗೆ ನಿಂತಿತ್ತು.

ಮಾರು ಹಾಕಿ ಸೇವಂತಿಗೆ ಅಳೆಯುತ್ತಿದ್ದ ಹೂವಮ್ಮ ಕೈ ನಿಲ್ಲಿಸಿದಳು. "ಅದೇನ್ ಸ್ವಾಮಿ ಮ್ಯಾಕ್ ನೋಡ್ಕೊಂಡ್ ನಿಂತ್ರಿ? ಹೂವ ಇಲ್ಲೈತೆ."

"ಗಿಡ ನೋಡ್ತಿದ್ದೆ ಕಣಮ್ಮ."

"ಅದಾ? ಅದು ನನ್ ಮಗಳ ಮದ್ವೆ ವರ್ಸ ಹುಟ್ಟಿದ್ದು. ಈಗ ಮೊಮ್ಮಗ ಇಸ್ಕೂಲಿಗ್ ಹೋಯ್ತಾವ್ನೆ."

ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಮಗಳ ಮದುವೆಯಿಂದ ಮೊಮ್ಮಗನ ಸ್ಕೂಲಿನವರೆಗೆ ಏಳೆಂಟು ವರ್ಷವಾದರೂ ಬೇಕು. ನಮ್ಮ ಮೇಯರುಗಿರಿ ಒಬ್ಬೊಬ್ಬರಿಗೆ ಒಂದೇ ವರ್ಷ. ಹಾರ ಹಾಕಿಸಿಕೊಂಡು, ಗೌನು ತೊಟ್ಟು, ದಸರಾ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಮುಂದಿನವರ ಮೀಸಲಾತಿ ಯಾವುದು ಎಂಬ ಚರ್ಚೆ ಶುರುವಾಗಿರುತ್ತದೆ. ಈಚೆಗಂತೂ ಆ ಒಂದು ವರ್ಷವೂ ಇಲ್ಲದಾಯಿತು. 65 ವಾರ್ಡುಗಳ ಕೌನ್ಸಿಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿದು, ಚುನಾಯಿತರ ಜಾಗಕ್ಕೆ ಆಡಳಿತಾಧಿಕಾರಿ ಬಂದರು. ಗಿಡಕ್ಕೆ ಅವಧಿಯೂ ಇಲ್ಲ, ಮೀಸಲಾತಿಯೂ ಇಲ್ಲ, ವರ್ಗಾವಣೆಯೂ ಇಲ್ಲ.

ಅರಳಿಯ ಮೇಲೆ ನನಗೆ ಹಗೆಯೇನಿಲ್ಲ. ಕಟ್ಟೆ ಕಟ್ಟಿಸಿಕೊಂಡು, ನಾಗರಕಲ್ಲು ಇಟ್ಟುಕೊಂಡು ನೆಲದ ಮೇಲೆ ಇರುವವರೆಗೆ ಅದರಷ್ಟು ಮರ್ಯಾದಸ್ಥ ಮರ ಇನ್ನೊಂದಿಲ್ಲ. ತೊಂದರೆ ಹಕ್ಕಿಯದು. ಹಣ್ಣು ತಿಂದು, ಬೀಜವನ್ನು ತನ್ನ ರೀತಿಯಲ್ಲಿ ಗೋಡೆಯ ಸಂದಿಗೆ ಸಲ್ಲಿಸಿ ಹೋಗುತ್ತದೆ. ಹಳೆಯ ಸುಣ್ಣದ ಗಾರೆ, ಮೇಲೊಂದಿಷ್ಟು ಕಸ ಕಟ್ಟಿ ನಿಂತ ನೀರು. ಬಾಣಂತನಕ್ಕೆ ಇನ್ನೇನು ಬೇಕು? ಬೆರಳುದ್ದ ಇರುವಾಗ ಎರಡು ಬೆರಳಿನಲ್ಲಿ ಕಿತ್ತೆಸೆಯಬಹುದು. ಮೊಳದುದ್ದ ಆದರೆ ಏಣಿ, ಕತ್ತಿ, ಆಳು. ಆಳು ಬಂದವನು ಕೈ ಮುಗಿದು ನಿಂತು, "ಅರಳಿ ಸ್ವಾಮಿ, ಪಾಪ ಬರುತ್ತೆ" ಅನ್ನುತ್ತಾನೆ. ನೀವು ಪಾಪಕ್ಕೆ ಬೇರೆ, ಕೂಲಿಗೆ ಬೇರೆ ಕೊಟ್ಟರೆ ಕಾಂಡ ಸವರಿ ಇಳಿಯುತ್ತಾನೆ. ಬೇರು ಒಳಗೇ ಉಳಿದು, ಮುಂದಿನ ಮಳೆಗೆ ಒಂದರ ಜಾಗದಲ್ಲಿ ಮೂರು ಚಿಗುರು.

ಒಂದು ಸಲ ಖಾತೆ ಕೆಲಸಕ್ಕೆಂದು ಒಂದು ಕಚೇರಿಗೆ ಹೋಗಿದ್ದೆ. ಯಾವ ಊರು, ಯಾವ ಕಚೇರಿ ಎಂದು ಕೇಳಬೇಡಿ. ನನ್ನ ಖಾತೆ ಇನ್ನೂ ಅಲ್ಲೇ ಇದೆ. ಕಟ್ಟಡ ಹಳೆಯದು, ಕಮಾನು ಕಿಟಕಿ, ತೇಗದ ಬಾಗಿಲು. ಕಿಟಕಿಯ ಮೇಲೇ ಅರಳಿ. ಗುಮಾಸ್ತರು ಊಟಕ್ಕೆ ಹೋಗಿದ್ದರಿಂದ ನನಗೆ ಬಿಡುವಿತ್ತು. ಪಕ್ಕದ ಮೇಜಿನವರಿಗೆ ಹೇಳಿದೆ: "ಸಾರ್, ಗಿಡ ಬೆಳೀತಿದೆ." ಅವರು ತಲೆ ಎತ್ತದೆ, "ಅದು ಹಾರ್ಟಿಕಲ್ಚರ್" ಅಂದರು. ಮಹಡಿ ಹತ್ತಿದೆ. ಹಾರ್ಟಿಕಲ್ಚರಿನವರು ಸಜ್ಜನರು, ಕೂರಿಸಿ ವಿವರಿಸಿದರು: ನೆಲದ ಮೇಲಿನ ಗಿಡ ಅವರದು, ಗೋಡೆಯ ಮೇಲಿನದು ಸಿವಿಲ್. ಸಿವಿಲ್‌ನವರು ಇನ್ನೂ ಸಜ್ಜನರು. "ತೆಗೀಬಹುದು ಸಾರ್. ಆದರೆ ಯಾವ ಹೆಡ್ಡಿನಲ್ಲಿ ತೆಗೆಯೋದು? ಗಿಡ ಕೀಳೋಕೆ ಹೆಡ್ ಇಲ್ಲ. ಗೋಡೆ ಬಿದ್ದರೆ ಹೆಡ್ ಇದೆ."

ನಾನು ಆ ದಿನ ಕಲಿತದ್ದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಕಟ್ಟಲು ಹಣ ಇದೆ, ಕೆಡವಲು ಹಣ ಇದೆ, ಕೆಡವಿದ ಕಡೆ ಮತ್ತೆ ಕಟ್ಟಲು ಇನ್ನೂ ಹೆಚ್ಚು ಹಣ ಇದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಇಬ್ಬರು ಆಳು ಏಣಿ ಹಾಕಿ ತಾರಸಿಗೆ ಹತ್ತಿ, ನೀರು ಹೋಗುವ ತೂತಿನ ಕಸ ತೆಗೆದು, ಎರಡು ಗಿಡ ಕಿತ್ತು, ಒಂದು ಬಿರುಕಿಗೆ ಗಾರೆ ಮೆತ್ತುವುದಕ್ಕೆ ಮಾತ್ರ ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ಏಳುತ್ತದೆ.

ಹಣಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ ಎಂದು ನನ್ನ ಗುಮಾನಿ. ಶಿಲಾಫಲಕ. ನಮ್ಮೂರಿನಲ್ಲಿ ಬಸ್ ತಂಗುದಾಣಕ್ಕೆ ಶಿಲಾಫಲಕ ಇದೆ, ಮೋರಿಯ ಮೇಲಿನ ಚಪ್ಪಡಿಗೂ ಇದೆ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಕೆಳಗೆ ಇರುವೆಯಂಥ ಅಕ್ಷರದಲ್ಲಿ ಗುತ್ತಿಗೆದಾರರು. ಆದರೆ "ಈ ಕಟ್ಟಡದ ನೀರಿನ ತೂತಿನ ಕಸವನ್ನು ಮಾನ್ಯರು ದಿನಾಂಕ ಇಂತಿಂಥದರಂದು ತೆಗೆಸಿದರು" ಎಂಬ ಕಲ್ಲನ್ನು ಯಾರಾದರೂ ನೋಡಿದ್ದೀರಾ? ಕಸ ತೆಗೆಸಿದ ಮೇಯರ್ ಇದ್ದರೂ ಇದ್ದಿರಬಹುದು. ಗುರುತು ಉಳಿಯಲಿಲ್ಲ. ಕಟ್ಟಡ ಉಳಿಯಿತು, ಅಷ್ಟೆ.

ಲ್ಯಾನ್ಸ್‌ಡೌನ್ ಕಟ್ಟಡಕ್ಕೂ ಇಂಥದೇ ಒಂದು ದೊಡ್ಡ ಹೆಸರಿನ ಹಂಗಿತ್ತು. ವೈಸ್‌ರಾಯ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದುಹೋದ ನೆನಪಿಗೆ ಕಟ್ಟಿದ್ದು. ಆ ಕಾಲಕ್ಕೆ ವೈಸ್‌ರಾಯರು ಬಂದರೆ ಊರಿಗೊಂದು ಕಟ್ಟಡ ಲಾಭ. ಅದಕ್ಕೆ ಮುಂಚೆ ಬಂದ ಡಫರಿನ್ ಹೆಸರಿನಲ್ಲಿ ಚಿಕ್ಕ ಗಡಿಯಾರ ಎದ್ದಿತು. (ಈಗ ದೊಡ್ಡವರು ಬಂದರೆ ರಸ್ತೆಗೆ ಡಾಂಬರು ಬೀಳುತ್ತದೆ, ಅವರು ಹೋಗುವ ಒಂದು ಮಗ್ಗುಲಿಗೆ.) ವೈಸ್‌ರಾಯರನ್ನು ಊರು ಮರೆಯಿತು. ನಮಗೆ ಲ್ಯಾನ್ಸ್‌ಡೌನ್ ಅಂದರೆ ಹಳೆ ಪುಸ್ತಕದ ಅಂಗಡಿ. ಜಗನ್ಮೋಹನ ಅರಮನೆಯ ಕಡೆ ಹೋಗುವವರು ಅದರ ಕಮಾನುಗಳ ಕೆಳಗೆ ನಿಂತರೆ ಅರ್ಧ ದಿನ ಹೋಯಿತು ಎಂದೇ ಆಗ ಲೆಕ್ಕ.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿಯವರೆಗೆ ಹಳೆ ಕಟ್ಟಡ ಎಂಬುದು ನನ್ನಂಥವರಿಗೆ ಹರಟೆಯ ವಸ್ತು. ಆ ಮೇಲೆ ಅದರ ಬಗ್ಗೆ ನಗುತ್ತ ಮಾತಾಡುವಾಗ ನಾಲಗೆ ಒಂದು ಕ್ಷಣ ತಡೆಯುತ್ತದೆ. ಮಳಿಗೆಗಳು ಖಾಲಿಯಾದವು, ಬಾಗಿಲು ಬಿತ್ತು. ನಾಲ್ಕು ವರ್ಷ ಕಳೆದು, ಮತ್ತೆ ಆಗಸ್ಟಿನಲ್ಲೇ, 2016ರ 28ನೇ ತಾರೀಕು, ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗ ಉರುಳಿತು. ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಡಾಕ್ಟರು ಬಂದು ನಾಡಿ ಹಿಡಿದ ಹೊತ್ತಿಗೇ ರೋಗಿ ಕೈಬಿಟ್ಟ ಹಾಗೆ.

ಅಂದಿನಿಂದ ಊರಿನಲ್ಲಿ ಎರಡು ಪಂಗಡ. ಒಂದು ತಜ್ಞರ ತಂಡ ಬಂದು ಗೋಡೆ ತಟ್ಟಿ ನೋಡಿ, ರಿಪೇರಿ ಸಾಧ್ಯ ಎಂದಿತು. ಇನ್ನೊಂದು ತಂಡ ಅದೇ ಗೋಡೆ ತಟ್ಟಿ, ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟಿ ಎಂದಿತು. ಪಾಲಿಕೆ ಎರಡನೆಯವರ ಕಡೆ, ಪಾರಂಪರಿಕ ಕಟ್ಟಡಗಳ ಅಭಿಮಾನಿಗಳು ಮೊದಲನೆಯವರ ಕಡೆ, ಮಳಿಗೆಯವರು ತಮ್ಮ ಮಳಿಗೆಯ ಕಡೆ. ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. "ಅದೇ ಮಾದರಿಯಲ್ಲಿ ಹೊಸದು" ಎಂಬ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ಸರ ಕರಗಿಸಿ ಅದೇ ಡಿಸೈನಿನಲ್ಲಿ ಮಾಡಿಕೊಡುತ್ತೇನೆ ಎಂದ ಅಕ್ಕಸಾಲಿಗ ನೆನಪಾಗುತ್ತಾನೆ. ಡಿಸೈನೇನೋ ಅದೇ ಬಂತು. ತೂಕ ಮಾತ್ರ ಅಜ್ಜಿ ಸಾಯುವವರೆಗೂ ಚರ್ಚೆಯಲ್ಲೇ ಇತ್ತು.

ಹೈಕೋರ್ಟು ಅಂದೆನಲ್ಲ, ಅದರದೇ ಒಂದು ಕತೆ. ಬೆಂಗಳೂರಿನ ಆ ಕೆಂಪು ಕಟ್ಟಡ ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳಿಗೆಂದು 1860ರ ದಶಕದಲ್ಲಿ ಎದ್ದದ್ದು. 1980ರ ದಶಕದಲ್ಲಿ ಅದಕ್ಕೇ ವಯಸ್ಸಾಯಿತು, ಕೆಡವೋಣ ಎಂದು ಸರ್ಕಾರ ಹೊರಟಿತ್ತು. ಜನ ಗಲಾಟೆ ಮಾಡಿದರು, ಕೋರ್ಟಿಗೂ ಹೋದರು, ಹೇಗೋ ಕಟ್ಟಡ ಉಳಿಯಿತು. ಈಗ ನಮ್ಮೂರಿನ ಹಳೆ ಕಟ್ಟಡ ಇರಬೇಕೋ ಬೀಳಬೇಕೋ ಎಂಬ ವಾದ, ಒಮ್ಮೆ ಬೀಳಬೇಕಿದ್ದ ಆ ಕಟ್ಟಡಕ್ಕೇ ಬರಬೇಕು. ವಕೀಲರು ವಾದದ ನಡುವೆ ಒಮ್ಮೆ ಮೇಲೆ ನೋಡುತ್ತಾರೋ ಇಲ್ಲವೋ.

ಮಳಿಗೆಯವರ ಕಡೆಯವನು ನಾನು, ಅವರ ಹೂವು ಹಣ್ಣು ತಿಂದು ಬೆಳೆದವನು. ಆದರೂ ನಿಜ ಹೇಳಬೇಕು. ಮಾರುಕಟ್ಟೆಯನ್ನು ಹಣ್ಣು ಮಾಡಿದ್ದು ಬರೀ ಪಾಲಿಕೆ ಅಲ್ಲ. ಒಬ್ಬರು ಮೂಟೆ ಇಡಲು ಅಟ್ಟ ಬೇಕೆಂದು ಗೋಡೆಗೆ ಕಬ್ಬಿಣದ ತೊಲೆ ತೂರಿಸಿದರು. ಇನ್ನೊಬ್ಬರು ಷಟರ್ ಕೂರಿಸಲು ಕಮಾನಿನ ಕಾಲು ಕೆತ್ತಿದರು. ಮತ್ತೊಬ್ಬರು ಗಾರೆ ಉದುರುತ್ತದೆಂದು ಅದರ ಮೇಲೆ ಸಿಮೆಂಟು ಬಳಿದರು. ಸುಣ್ಣದ ಗೋಡೆಗೆ ಸಿಮೆಂಟು ಬಳಿಯುವುದೆಂದರೆ ಬೆವರುವ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಒಳಗೆ ಇಳಿದ ನೀರು ಹೊರಗೆ ಆರುವುದಿಲ್ಲ, ಅಲ್ಲೇ ಕೂತು ಗೋಡೆ ತಿನ್ನುತ್ತದೆ.

ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಬೀದಿಯ ಹಳೆ ಮೇಸ್ತ್ರಿ. ಹಿಂದೆ ಗಾರೆ ಮಾಡುವುದು ಅಡುಗೆ ಮಾಡಿದ ಹಾಗೆ ಎನ್ನುತ್ತಿದ್ದರು. ಸುಣ್ಣ ಅರಳಿಸಿ, ದಿನಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಮರಳಿನ ಜೊತೆಗೆ ಇಟ್ಟಿಗೆ ಪುಡಿ ಸೇರಿಸಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರಂತೆ. "ಹದ ಬಂದಿದೆಯಾ ಅಂತ ಹೇಗೆ ಗೊತ್ತಾಗ್ತಿತ್ತು ಮೇಸ್ತ್ರಿ?" ಎಂದು ಕೇಳಿದೆ. "ಕರಣೆಗೆ ಅಂಟಬಾರದು, ಬಿಡಲೂಬಾರದು ಸಾಮಿ. ಹೋಳಿಗೆ ಹೂರಣ ನಿಮ್ಮನೇಲಿ ಯಾರ್ ಮಾಡ್ತಾರೋ ಅವರ್ನ ಕೇಳಿ." ಒಂದು ಕಚೇರಿಯ ಟೆಂಡರಿನಲ್ಲಿ ಈ ಹದವನ್ನು ಯಾವ ಕಲಮಿನಲ್ಲಿ ಬರೆಯುವುದು? ಕಡಿಮೆ ದರ ಕೂಗಿದವನಿಗೆ ಕೆಲಸ. ಕಡಿಮೆ ದರದಲ್ಲಿ ಹೂರಣ ಸೀಯುತ್ತದೆ.

ಹಿಂದಿನವರೆಲ್ಲ ದೇವತೆಗಳಾಗಿದ್ದರು ಎನ್ನುವ ಜಾತಿಯವನಲ್ಲ ನಾನು. 1903ರಲ್ಲೇ ಮೈಸೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬಂದಿತ್ತು, ದೇಶದಲ್ಲೇ ಅಂಥದ್ದು ಆಗ ಅಪರೂಪ. ಪ್ಲೇಗಿನ ಭಯದಲ್ಲಿ ಅವರೂ ಇಕ್ಕಟ್ಟಿನ ಕೇರಿಗಳನ್ನು ಕೆಡವಿದರು, ಜನರನ್ನು ಎಬ್ಬಿಸಿ ಹೊಸ ಬಡಾವಣೆಗೆ ಕಳಿಸಿದರು. ಆದರೆ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಯಾಕೆ? ಕಸದವನು ಬರಲು. ಎಂದರೆ, ಕಟ್ಟುವ ದಿನವೇ ನಾಳೆ ಗುಡಿಸುವವನು ಎಲ್ಲಿಂದ ಬರಬೇಕು ಎಂದು ಯೋಚಿಸಿದ್ದರು. ಆ ಗಲ್ಲಿಗಳಲ್ಲಿ ಈಗ ಸ್ಕೂಟರು ನಿಂತಿವೆ, ಕೆಲವು ಕಡೆ ಅಡುಗೆಮನೆಯೇ ಮುಂದೆ ಬಂದಿದೆ. ನನ್ನ ಮನೆಯ ಹಿಂದಿನದರ ವಿಷಯ ಬೇಡ.

ಅರಮನೆಗೆ ಈ ಕಷ್ಟವಿಲ್ಲ. ಹಳೆಯದು 1897ರಲ್ಲಿ ಸುಟ್ಟು, ಹೆನ್ರಿ ಇರ್ವಿನ್ ನಕ್ಷೆಯಂತೆ 1912ಕ್ಕೆ ಹೊಸದು ಮುಗಿಯಿತು. ಈಗ ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿದಾಗ ಜನ "ಹಾ" ಎನ್ನುತ್ತಾರೆ. ನಾನೂ ಪ್ರತಿಸಲ ಅನ್ನುತ್ತೇನೆ, ನಾಚಿಕೆಯೇನಿಲ್ಲ. ಟಿಕೆಟ್ ಇಟ್ಟ ಕಟ್ಟಡಕ್ಕೆ ಪೋಷಕರು ಸಿಗುತ್ತಾರೆ. ಹಾಗಲಕಾಯಿ ಮಾರುವ ಕಟ್ಟಡ ತಾನೂ ಪರಂಪರೆ ಎಂದು ಯಾರನ್ನು ನಂಬಿಸಬೇಕು? ದೇಶದಲ್ಲೇ ಸ್ವಚ್ಛ ನಗರ ಎಂದು 2016ರಲ್ಲಿ ನಮಗೆ ಮೊದಲ ಸ್ಥಾನ ಬಂದಾಗ ಸಿಹಿ ಹಂಚಿದೆವು. ಮಾರುಕಟ್ಟೆಯ ಬಾಗಿಲು ಬಿದ್ದದ್ದು ಅದೇ ವರ್ಷ. ರಸ್ತೆ ಗುಡಿಸಿದ್ದಕ್ಕೆ ಅಂಕ ಇತ್ತು, ತಾರಸಿ ಗುಡಿಸಿದ್ದಕ್ಕೆ ಇರಲಿಲ್ಲವೇನೋ.

ಲ್ಯಾನ್ಸ್‌ಡೌನ್ ಬೀಳುವ ಎಷ್ಟೋ ವರ್ಷ ಮುಂಚಿನ ಮಾತು. ನನ್ನ ತಂಗಿಯ ಮಗ ಸಿವಿಲ್ ಇಂಜಿನಿಯರಿಂಗಿಗೆ ಸೇರಿದ್ದ. ಹೊಸ ಪುಸ್ತಕಕ್ಕೆ ದುಡ್ಡು ಹಾಕುವುದು ನಮ್ಮ ವಂಶದಲ್ಲಿ ಇಲ್ಲವಾದ್ದರಿಂದ ಅವನನ್ನು ಆ ಕಮಾನಿನ ಕೆಳಗೆ ಕರೆದುಕೊಂಡು ಹೋಗಿ, ಕಟ್ಟಡ ನಿರ್ಮಾಣದ ಒಂದು ದಪ್ಪ ಪುಸ್ತಕವನ್ನು ಅರ್ಧ ಬೆಲೆಗೂ ಕಡಿಮೆಗೆ ಕೊಂಡೆವು. ಚೌಕಾಸಿ ನಡೆಯುವಾಗ ಮೇಲಿನಿಂದ ಒಂದು ಚಿಟಿಕೆ ಸುಣ್ಣ ಉದುರಿ ಪುಸ್ತಕದ ಮೇಲೆ ಬಿತ್ತು. ಅಂಗಡಿಯವರು ಉಫ್ ಎಂದು ಊದಿ, ಕಾಗದ ಸುತ್ತಿ ಕೊಟ್ಟರು. ಹುಡುಗ ಪಾಸಾಗಿ, ಕೆಲಸ ಸೇರಿ, ಪುಸ್ತಕ ನಮ್ಮ ಅಟ್ಟಕ್ಕೆ ಬಂತು. ಮೊನ್ನೆ ಹಬ್ಬಕ್ಕೆ ಅಟ್ಟ ಗುಡಿಸುವಾಗ ಸಿಕ್ಕಿತು. ತಿರುವಿ ನೋಡಿದೆ. ಸಿಮೆಂಟಿನ ಪಾಠದಲ್ಲಿ ಸಾಲು ಸಾಲಿಗೂ ಗೆರೆ. ಸುಣ್ಣದ ಗಾರೆಯ ಪಾಠ ಮಾತ್ರ ಹೊಸ ಬಟ್ಟೆಯ ಹಾಗೆ ಮಡಿಕೆ ಕೂಡ ಬಿಚ್ಚಿಲ್ಲ. ಅದರ ತಲೆಯ ಮೇಲೆ, ಪುಸ್ತಕದ ಹಿಂದಿನ ಒಡೆಯ ಯಾರೋ, ಪೆನ್ಸಿಲಿನಲ್ಲಿ ದುಂಡಗೆ ಬರೆದಿದ್ದ: "ಪರೀಕ್ಷೆಗೆ ಬರಲ್ಲ."