ದೊಡ್ಡವ್ವನ ಪಟಕ್ಕೆ ಸೆಲ್ ಉಳೀಲಿಲ್ಲ

ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಕುಕ್ಕೆಗೆ ಹೋಗೋ ಮಾತು ಶುರು ಅಲ್ವೇನ್ರೇ? ನಿನ್ನೆ ಪಕ್ಕದ್ಮನೆ ಹುಡುಗಿ ಬಂದು, "ಆಂಟಿ, ಬೀರುನಲ್ಲಿ ಹಳೇ ಡಿಜಿಟಲ್ ಕ್ಯಾಮೆರಾ ಸಿಕ್ತು, ತಗೊಂಡ್ಹೋಗ್ಲಾ?" ಅಂದ್ಲು. ತಗೊಂಡ್ಹೋಗು, ಆದ್ರೆ ನಮ್ಮ ಕತೆ ಕೇಳ್ಕೊಂಡು ಹೋಗು ಅಂದೆ. ನಿಮಗೂ ಹೇಳ್ತೀನಿ.

2009ರ ದಸರಾ ರಜ. ಎರಡು ಪೆನ್ಸಿಲ್ ಸೆಲ್ ಹಾಕೋ ಕ್ಯಾಮೆರಾ ಆಗಷ್ಟೇ ನಮ್ಮನೆಗೆ ಬಂದಿತ್ತು. ಆಲೂರಿಂದ ಜೀಪಲ್ಲಿ ಅವ್ವ, ದೊಡ್ಡವ್ವ, ಮಕ್ಳು, ನಾವು ಎಲ್ರೂ ಹೊರಟ್ವಿ. ಮಕ್ಳ ಹಟಕ್ಕೆ ಮೊದ್ಲು ಸಕಲೇಶಪುರ ದಾಟಿ ಮಂಜರಾಬಾದ್ ಕೋಟೆಗೆ ಹೋದ್ವಿ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆ ನಕ್ಷತ್ರದ ಹಾಗಿದೆ. ಅವ್ವ, ದೊಡ್ಡವ್ವ ಮೆಟ್ಲು ಹತ್ತಲಾರದೆ ಕೆಳಗೇ ಕೂತ್ರು. ಮೇಲೆ ಮಕ್ಳು ಗೋಡೆ, ಬಾಗ್ಲು, ಮೋಡ ಎಲ್ಲಾದ್ರದ್ದೂ ಪಟ ತೆಗೆದ್ರು. ಪ್ರತಿ ಸಲ ಫ್ಲಾಶ್, ತೆಗೆದಿದ್ದನ್ನ ಮತ್ತೆ ಸ್ಕ್ರೀನಲ್ಲಿ ನೋಡೋದು. ತಿರುಗಿ ಸಕಲೇಶಪುರಕ್ಕೆ ಬರೋ ಹೊತ್ತಿಗೆ ಸೆಲ್ ಖಾಲಿ. ಹೆತ್ತೂರು ದಾರೀಲಿ ಒಂದು ಅಂಗಡೀಲಿ ಅಗ್ಗದ ಸೆಲ್ ಎರಡು ತಗೊಂಡ್ವಿ.

ಬಿಸಿಲೆಗೆ ಬಂದ್ರೆ ಬರೀ ಮಂಜು. ರೊಟ್ಟಿ ಬುತ್ತಿ ಬಿಚ್ಚಿ ತಿನ್ನೋವಾಗ ಒಂದ್ಗಳಿಗೆ ಮಂಜು ಸರಿದು ಎದುರಿಗೆ ಕುಮಾರ ಪರ್ವತ ಕಾಣಿಸ್ತು. ದೊಡ್ಡವ್ವ ಸೆರಗು ಸರಿಮಾಡ್ಕೊಂಡು ಅವ್ವನ ಕೈ ಹಿಡ್ಕೊಂಡು ನಿಂತ್ರು. "ನಮ್ಮಿಬ್ರುದೂ ಒಂದು ಪಟ ತೆಗಿ ಮಗಾ. ಅಕ್ಕ ತಂಗಿ ಜತೇಲಿರೋದು ಒಂದೂ ಇಲ್ಲ" ಅಂದ್ರು. ಕ್ಯಾಮೆರಾ ಒತ್ತಿದೆ. ಲೆನ್ಸು ಅರ್ಧ ಆಚೆ ಬಂದು ಹಾಗೇ ನಿಂತೋಯ್ತು. ಸೆಲ್ ತೆಗೆದು ಉಜ್ಜಿದೆ, ಅದ್ಲುಬದ್ಲು ಮಾಡ್ದೆ, ಏನೂ ಆಗ್ಲಿಲ್ಲ. ಅಷ್ಟ್ರಲ್ಲಿ ಬೆಟ್ಟ ಮತ್ತೆ ಮುಚ್ಕೊಂಡ್ತು. "ಇರ್ಲಿ ಬಿಡು, ಇನ್ನೊಂದು ಸಲ ಬಂದಾಗ ತೆಗೆಯೋವಂತೆ" ಅಂದ್ರು ದೊಡ್ಡವ್ವ.

ಇನ್ನೊಂದು ಸಲ ಬರ್ಲೇ ಇಲ್ಲ. ಸಂಕ್ರಾಂತಿಗೆ ಮುಂಚೆನೇ ಹೋಗ್ಬಿಟ್ರು. ಹನ್ನೊಂದನೇ ದಿನದ ತಿಥಿಗೆ ಇಡೋಕೆ ವೋಟರ್ ಕಾರ್ಡಲ್ಲಿದ್ದ ಮುಖಾನೇ ದೊಡ್ಡದು ಮಾಡ್ಸಿದ್ವಿ. ಅದ್ರಲ್ಲಿ ಅವರು ಯಾರೋ ಬೇರೆಯವ್ರ ಹಾಗೆ ಕಾಣ್ತಾರೆ. ಕೋಟೆ ಗೋಡೇದು ಮಾತ್ರ ನಲವತ್ತು ಪಟ ಇದಾವೆ.

ಅಂಗಡಿಯವ್ರು ಕೆಟ್ಟ ಸೆಲ್ ಕೊಟ್ರು ಅಂತ ಬೈಕೊಂಡಿದ್ದೆ. ಆದ್ರೆ ಅದೇ ಎರಡು ಸೆಲ್ಲಲ್ಲಿ ಒಂದನ್ನ ಅವ್ವ ಅಡಿಗೆಮನೆ ಗಡಿಯಾರಕ್ಕೆ ಹಾಕಿದ್ರೆ ತಿಂಗಳಾನುಗಟ್ಲೆ ಓಡ್ತು! ಸ್ಟುಡಿಯೋದವ್ರನ್ನ ಕೇಳ್ದಾಗ ಗೊತ್ತಾಯ್ತು. ಗಡಿಯಾರ ಹನಿ ಹನಿ ಕುಡಿಯುತ್ತೆ, ಕ್ಯಾಮೆರಾ ಒಂದೇ ಗುಟುಕಿಗೆ ಎಳೆಯುತ್ತೆ. ಅಗ್ಗದ ಸೆಲ್ ಕಿರಿಬಾಯಿ ಗಿಂಡಿ ಇದ್ದ ಹಾಗೆ, ಒಳಗೆ ನೀರಿದ್ರೂ ಒಂದೇ ಸಲಕ್ಕೆ ಸುರಿಯಲ್ಲ.

ಅವತ್ತಿಂದ ನಾನು ಮಾಡೋದು ಇಷ್ಟು. ಚಾರ್ಜ್ ಮಾಡೋ ಸೆಲ್ ನಾಲ್ಕು ಇಟ್ಕೊಂಡಿದೀನಿ. ಅದ್ರ ಮೇಲೆ 1.5 ಬದಲು 1.2 ವೋಲ್ಟ್ ಅಂತಿದ್ರೂ ಕ್ಯಾಮೆರಾದಲ್ಲಿ ಅದೇ ಚೆನ್ನಾಗಿ ಬಾಳುತ್ತೆ. ಚಾರ್ಜ್ ಮಾಡಿ ಸುಮ್ನೆ ಇಟ್ರೂ ತಾನೇ ಇಳಿಯುತ್ತೆ, ಅದಕ್ಕೆ ಹೊರಡೋ ಹಿಂದಿನ ದಿನ ಬೆಳಿಗ್ಗೇನೇ ಹಾಕ್ತೀನಿ. ರಾತ್ರಿಗೆ ಅಂತ ಬಿಟ್ರೆ ನಮ್ಮೂರಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಎರಡು ಕ್ಯಾಮೆರಾದಲ್ಲಿ, ಇನ್ನೆರಡು ಸೋಪಿನ ಡಬ್ಬೀಲಿ. ಬೀಗದ ಕೈ, ಚಿಲ್ರೆ ಜತೆ ಹಾಕ್ಬೇಡಿ, ಲೋಹ ತಾಗಿ ಬಿಸಿಯಾಗುತ್ತೆ. ಬೆಟ್ಟಕ್ಕೆ ಫ್ಲಾಶ್ ಬೇಡ, ಅದು ಅಲ್ಲೀವರೆಗೆ ಮುಟ್ಟಲ್ಲ. ತೆಗೆದಿದ್ದನ್ನ ಮನೆಗೆ ಬಂದು ನೋಡಿ.

ಈಗ ಎಲ್ರ ಕೈಲೂ ಮೊಬೈಲು, ಪವರ್ ಬ್ಯಾಂಕು. ಆದ್ರೂ ಬಿಸಿಲೆ ಕಾಡಲ್ಲಿ ಪ್ಲಗ್ ಪಾಯಿಂಟ್ ಇಲ್ಲ ಕಣ್ರೇ. ಆ ಹುಡುಗಿಗೂ ಅದನ್ನೇ ಹೇಳ್ದೆ: ಜೀಪ್ ಹತ್ತೋಕೆ ಮುಂಚೆ, ಸೆಲ್ ತುಂಬಿರೋವಾಗ್ಲೇ, ಅಜ್ಜಿನ ಅಂಗಳದಲ್ಲಿ ನಿಲ್ಸಿ ಮೊದಲ್ನೇ ಪಟ ತೆಗಿ. ಬೆಟ್ಟ ಎಲ್ಲೂ ಹೋಗಲ್ಲ.