ಪಕ್ಕದ್ಮನಿ ಬಿಲ್ಲು

ಮುಂಬೈಯ ಹಲವು ಕಡೆ ಟಾಟಾದ ಕರೆಂಟು ತುಟ್ಟಿ ಅನ್ನಿಸಿದರೆ ಅದಾನಿ ಕಡೆ ಹೋಗಬಹುದು, ಅದೂ ಬೇಡವೆಂದರೆ ವಾಪಸು ಬರಬಹುದು. ಇಂಗ್ಲೆಂಡಿನಲ್ಲಂತೂ ಕಂಪನಿಗಳ ದರ ತೂಗಿ ನೋಡಿ, ಅಗ್ಗ ಕಂಡಲ್ಲಿಗೆ ಜಿಗಿಯುವುದು ಮನೆವಾರ್ತೆಯ ಕೆಲಸಗಳಲ್ಲೊಂದು. ಯಾದಗಿರಿಯವರಿಗೆ ಆ ತಾಪತ್ರಯವಿಲ್ಲ. ಜೆಸ್ಕಾಂ ಬಿಟ್ಟರೆ ಲಾಟೀನು. ಹೋಲಿಸಲು ಕಂಪನಿಯೇ ಇಲ್ಲದ ಮೇಲೆ ನಮ್ಮ ಜನ ಹೋಲಿಸುವುದು ಪಕ್ಕದ ಮನೆಯ ಬಿಲ್ಲನ್ನು.

“ನಿಮ್ದೆಷ್ಟ್ ಬಂದದ್ರೀ ಅಕ್ಕಾ?”

“ನಮ್ದು ಜೀರೋ.”

“ನಮಗ್ಯಾಕ ನೂರಾ ನಲವತ್ತು ಬಂದದ ಮತ್ತ? ನಮ್ಮನ್ಯಾಗೂ ಎರಡೇ ಫ್ಯಾನು!”

ಇಬ್ಬರಿಗೂ ದರ ಒಂದೇ. ಮೊದಲು ನೂರು ಯುನಿಟ್ ದಾಟಿದರೆ ದರ ಏರುತ್ತಿತ್ತು. 2024ರ ಏಪ್ರಿಲ್‌ನಿಂದ ಆ ಮೆಟ್ಟಿಲು ಹೋಯಿತು. 2025-26ಕ್ಕೆ ಯುನಿಟ್‌ಗೆ 5.80 ರೂಪಾಯಿ, ಮಂಜೂರಾದ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ನಿಗದಿತ ಶುಲ್ಕ, ಮೇಲೆ ಪಿಂಚಣಿ ಬಾಬತ್ತಿನ 36 ಪೈಸೆ ಮತ್ತು ಶೇ. 9 ತೆರಿಗೆ. ನಾರಾಯಣಪೇಟೆಯ ಬೀಗರು ಬಂದಾಗ ಮಾತ್ರ ಹೋಲಿಕೆ ಗಡಿ ದಾಟುತ್ತದೆ. ತೆಲಂಗಾಣದಲ್ಲಿ ಇನ್ನೂ ಮೆಟ್ಟಿಲು ಮೆಟ್ಟಿಲಾಗಿ ದರ. ಪುಕ್ಕಟೆ ಯೋಜನೆಗೆ ಅಲ್ಲೂ ಗೃಹಜ್ಯೋತಿ ಎಂದೇ ಹೆಸರು, ಅಲ್ಲೂ 200 ಯುನಿಟ್ಟೇ ಗಡಿ. ಹೀಗಾಗಿ ಆ ವಾದ ಚಹಾ ಮುಗಿಯುವುದರೊಳಗೆ ಮುಗಿಯುತ್ತದೆ.

ಮತ್ತೆ ನೂರಾ ನಲವತ್ತು ಎಲ್ಲಿಂದ ಬಂತು? 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಗೃಹಜ್ಯೋತಿಗೆ ಚಾಲನೆ ಕೊಟ್ಟಾಗ ಎಲ್ಲರ ಕಿವಿಗೂ ಬಿದ್ದದ್ದು “200 ಯುನಿಟ್ ಫ್ರೀ”. ಆದರೆ ನಿಮ್ಮ ಪಾಲು 200 ಅಲ್ಲ. 2022-23ರಲ್ಲಿ ನೀವು ಸುಟ್ಟ ಸರಾಸರಿಯ ಮೇಲೆ ಸಾಮಾನ್ಯವಾಗಿ ಶೇ. 10. ಸರಾಸರಿ 90 ಇದ್ದರೆ 99 ಪುಕ್ಕಟೆ, ಅದರಾಚೆ 200ರ ತನಕ ಹೆಚ್ಚಾದಷ್ಟಕ್ಕೆ ದುಡ್ಡು, 200 ದಾಟಿದರೆ ಇಡೀ ಬಿಲ್ಲು. ಆ ವರ್ಷ ಹಗಲೂ ರಾತ್ರಿ ಕೂಲರ್ ಓಡಿಸಿದವರಿಗೆ ದೊಡ್ಡ ಪಾಲು, ಒಂದೇ ದೀಪದಲ್ಲಿ ಉಂಡು ಮಲಗಿದವರಿಗೆ ಚಿಕ್ಕದು. ಮಿತವಾಗಿ ಬಾಳಿದವರಿಗೆ ಹೀಗೆ ಬಹುಮಾನ ಕೊಟ್ಟ ಲೆಕ್ಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ನೂರಾ ನಲವತ್ತರ ಸಂಕಟ ಇದ್ದಲ್ಲಿಗೇ ‘ಪವರ್ ಸೇವರ್’ ಬರುತ್ತದೆ. ಸಾಬೂನಿನ ಡಬ್ಬಿಯಷ್ಟು ಪೆಟ್ಟಿಗೆ. ಪ್ಲಗ್ಗಿಗೆ ಸಿಕ್ಕಿಸಿದರೆ ಹಸಿರು ದೀಪ ಹತ್ತುತ್ತದೆ, ಬಿಲ್ಲು ಶೇ. 40 ಇಳಿಯುತ್ತದಂತೆ. ಬಿಚ್ಚಿದರೆ ಒಳಗೆ ಹೆಚ್ಚೆಂದರೆ ಒಂದು ಕೆಪ್ಯಾಸಿಟರ್. ಕಾರ್ಖಾನೆಯಲ್ಲಿ ಅದಕ್ಕೆ ಬೆಲೆಯಿದೆ, ಪವರ್ ಫ್ಯಾಕ್ಟರ್ ಕೆಟ್ಟರೆ ಅವರಿಗೆ ದಂಡ ಬೀಳುತ್ತದೆ. ಮನೆಯ ಮೀಟರು ಎಣಿಸುವುದು ಯುನಿಟ್ ಒಂದನ್ನೇ. ಪೆಟ್ಟಿಗೆ ಅದನ್ನು ಕೂದಲೆಳೆಯಷ್ಟೂ ಇಳಿಸುವುದಿಲ್ಲ.

ನಂಬಿಕೆ ಬಾರದಿದ್ದರೆ ಮೀಟರಿನ ಮುಂದೆ ನಿಲ್ಲಿ. ಮೋರೆಯ ಮೇಲೆ ಸಣ್ಣಕ್ಷರದಲ್ಲಿ ಯುನಿಟ್‌ಗೆ 3200 ಮಿಣುಕು ಎಂದೋ, 1600 ಎಂದೋ ಬರೆದಿರುತ್ತದೆ. ಪಕ್ಕದಲ್ಲೇ ಕೆಂಪು ದೀಪ. ಮನೆಯದೆಲ್ಲ ಆರಿಸಿ, 75 ವಾಟ್‌ನ ಹಳೆಯ ಫ್ಯಾನೊಂದನ್ನೇ ಹಚ್ಚಿ. 3200ರ ಮೀಟರಾದರೆ 15 ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಈಗ ಪವರ್ ಸೇವರ್ ಸಿಕ್ಕಿಸಿ. ಅದೇ 15 ಸೆಕೆಂಡು. ಅದನ್ನು ಕಿತ್ತೆಸೆದು, 30 ವಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿ ನೋಡಿ: 37 ಸೆಕೆಂಡು ದಾಟಿದ ಮೇಲೆ ಮಿಣುಕು. ಮಾರುವವನ ಆಣೆ-ಪ್ರಮಾಣ ಬೇಕಿಲ್ಲ, ಕೈಗಡಿಯಾರ ಸಾಕು.

ಹಾಗಾದರೆ ಫ್ಯಾನಿನ ಜಾಹೀರಾತು ಖರೆ ಅಂದುಕೊಳ್ಳಬೇಡಿ, ಅಲ್ಲೇ ಇರುವುದು ಮಜಾ. ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ 20 ಯುನಿಟ್ ಉಳಿಯುವುದು ನಿಜ. ಆದರೆ ಪಾಲಿನೊಳಗೇ ಇದ್ದು ಜೀರೋ ಬರುವ ಮನೆಗೆ ಆ ಫ್ಯಾನಿನಿಂದ ಉಳಿಯುವುದು ಒಂದು ಪೈಸೆಯೂ ಅಲ್ಲ, ಉಳಿದದ್ದು ಸರ್ಕಾರಕ್ಕೆ. 99ರ ಪಾಲಿಗೆ 120 ಸುಟ್ಟ ಮನೆಗೆ 130 ರೂಪಾಯಿ ಚಿಲ್ಲರೆ. ಮೇ ತಿಂಗಳಲ್ಲಿ ಶಹಾಪುರದ ಬಂಡೆಗಳು ಕಾದು, ರಾತ್ರಿಯೆಲ್ಲ ಕೂಲರ್ ಓಡಿ ಮೀಟರು 205 ತೋರಿಸಿದ ಮನೆಗೋ? ಎರಡು ಕಿಲೋವಾಟ್ ಮಂಜೂರಾತಿ ಇದ್ದರೆ ಪೂರ್ತಿ ಬಿಲ್ಲು 1,650ರ ಆಸುಪಾಸು. ಅಲ್ಲಿ ಅದೇ 20 ಯುನಿಟ್ ಅಷ್ಟರಲ್ಲಿ ಹೆಚ್ಚಿನ ಭಾಗವನ್ನು ಉಳಿಸುತ್ತದೆ. ಫ್ಯಾನು ಒಂದೇ, ಓಣಿ ಒಂದೇ, ತಿಂಗಳೂ ಒಂದೇ. “ವರ್ಷಕ್ಕೆ ಇಷ್ಟು ಉಳಿತಾಯ” ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದವನು ಇವರಲ್ಲಿ ಯಾರ ಮನೆಗೆ ಬಂದು ಲೆಕ್ಕ ಹಾಕಿದ? ಅಂಗಡಿಯವ ಮೊದಲು ಕೇಳಬೇಕಾದದ್ದು “ಯಾವ ಬಣ್ಣ ಕೊಡಲ್ರೀ” ಅಂತಲ್ಲ, “ಬಿಲ್ ತಂದೀರೇನ್ರೀ” ಅಂತ.

ಈಗ ಮಾಳಿಗೆಯ ಮೇಲೆ ಸೋಲಾರ್ ಹಾಕಿಸುವವರೂ ತಿರುಗುತ್ತಿದ್ದಾರೆ. ನಮ್ಮಲ್ಲಿ ಬಿಸಿಲಿಗೇನು ಬರವಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ ಕೇಂದ್ರದ 78,000 ರೂಪಾಯಿ ಸಬ್ಸಿಡಿಯೂ ಇದೆ. ದೊಡ್ಡ ಬಿಲ್ಲಿನವರು ಕೂತು ಯೋಚಿಸತಕ್ಕದ್ದೇ. ಆದರೆ ಸುರಪುರದ ಓಣಿಯೊಂದರಲ್ಲಿ ಹುಡುಗನೊಬ್ಬ ಬಣ್ಣದ ಹಾಳೆ ಹಿಡಿದು, “ಇದ್ ಹಾಕಿಸ್ರಿ ಅವ್ವಾರ, ನಿಮ್ ಬಿಲ್ ಜೀರೋ ಆಗ್ತದ” ಎಂದ. ರೊಟ್ಟಿ ಬಡಿಯುತ್ತಿದ್ದ ಆಕೆ ಕೈ ನಿಲ್ಲಿಸಲಿಲ್ಲ.

“ಈಗೂ ಜೀರೋನೇ ಬರ್ತದಲ್ಲೋ ತಮ್ಮಾ. ಇನ್ನೆಷ್ಟ್ ಜೀರೋ ಮಾಡ್ತಿ?”